ಮೊದಲ ಚರ್ಮದ ಬೆಲ್ಟ್: ಉಳಿ, ಬಣ್ಣ, ಮೆರುಗು, ಯಾವುದು ಮೊದಲು ಯಾವುದು ಆಮೇಲೆ

ಚರ್ಮದ ಕೆಲಸ ಕಲಿಯಬೇಕು ಅನ್ನುವವರು ದಯವಿಟ್ಟು ಐವತ್ತು ಸಾಮಾನಿನ ಕಿಟ್ ತರಿಸಬೇಡಿ. ಅದರಲ್ಲಿ ಬಹುಪಾಲು ನಿಮಗೆ ಬೇಕಾಗುವುದೇ ಇಲ್ಲ. ಬೇಕಾದವು ಕೂಡ ಮೊಂಡಾಗಿಯೇ ಬರುತ್ತವೆ. ಅದೇ ದುಡ್ಡಿಗೆ ಒಳ್ಳೆ ಚರ್ಮ ತನ್ನಿ, ಏಳೆಂಟು ಸಾಮಾನು ಜೋಡಿಸಿಕೊಳ್ಳಿ, ಒಂದು ಬೆಲ್ಟ್ ಮಾಡಿ. ಬೆಲ್ಟ್ ಅಂದರೆ ಒಂದೇ ಪಟ್ಟಿ. ಆದರೆ ಕತ್ತರಿಸುವುದು, ಅಂಚು ತೀಡುವುದು, ತೂತು ಹೊಡೆಯುವುದು, ಬಣ್ಣ, ಎಣ್ಣೆ, ಮೆರುಗು ಎಲ್ಲವೂ ಅದರಲ್ಲಿ ಬರುತ್ತದೆ. ಪರ್ಸು, ಬ್ಯಾಗು ಆಮೇಲೆ ಮಾಡಬಹುದು.

ನಾನು ಇಲ್ಲಿ ಒತ್ತಿ ಹೇಳಬೇಕು ಅಂದುಕೊಂಡಿರುವುದು ಕೆಲಸದ ಕ್ರಮ. ಅದೇ ಚರ್ಮ, ಅದೇ ಬಣ್ಣ, ಅದೇ ಎಣ್ಣೆ ಇದ್ದರೂ ಹಿಂದುಮುಂದಾದರೆ ಬಣ್ಣ ಕಲೆಕಲೆಯಾಗುತ್ತದೆ, ಅಂಗಿಗೆ ಅಂಟುತ್ತದೆ, ಅಂಚು ಬಿರುಸಾಗಿಯೇ ಉಳಿಯುತ್ತದೆ. ಇದಕ್ಕೆಲ್ಲ ದುಬಾರಿ ಸಾಮಾನು ಪರಿಹಾರ ಅಲ್ಲ.

ಚರ್ಮ ನೋಡಿ ತನ್ನಿ

ಅಂಗಡಿಯಲ್ಲಿ ಸಿಗುವುದು ಮುಖ್ಯವಾಗಿ ಎರಡು ಬಗೆ. ಕ್ರೋಮಿಯಂ ಉಪ್ಪಿನಲ್ಲಿ ಹದ ಮಾಡಿದ್ದು ಕ್ರೋಮ್ ಟ್ಯಾನ್. ಗಿಡಮರಗಳ ತೊಗಟೆ, ಕಾಯಿಗಳಲ್ಲಿ ಹದ ಮಾಡಿದ್ದು ವೆಜ್ ಟ್ಯಾನ್. ಕ್ರೋಮ್ ಟ್ಯಾನ್ ಮೆತ್ತಗಿರುತ್ತದೆ, ನೀರಿಗೆ ಅಷ್ಟು ಹೆದರುವುದಿಲ್ಲ, ಆದರೆ ಅದರ ಅಂಚು ಉಜ್ಜಿದರೆ ಹೊಳೆಯುವುದಿಲ್ಲ, ಮೇಲೆ ಅಚ್ಚು ಒತ್ತಿದರೆ ನಿಲ್ಲುವುದಿಲ್ಲ. ಮನೆಯಲ್ಲಿ ಬಣ್ಣ ಹಚ್ಚಿ ಮೆರುಗು ಕೊಡಬೇಕು ಅಂದರೆ ವೆಜ್ ಟ್ಯಾನೇ ಬೇಕು.

ಇದು ನಮ್ಮ ಕಡೆಗೆ ಹೊಸದೇನಲ್ಲ. ತಮಿಳುನಾಡಿನ ತಿರುಚ್ಚಿ, ದಿಂಡಿಗಲ್, ಈರೋಡ್ ಕಡೆಯ 'ಈಸ್ಟ್ ಇಂಡಿಯಾ' ಅನ್ನುವ ಹೆಸರಿನ ಚರ್ಮ ಹಿಂದೆಲ್ಲ ತಂಗಡಿ ತೊಗಟೆಯಲ್ಲಿ ಹದವಾಗುತ್ತಿತ್ತು. ಅಥಣಿ, ನಿಪ್ಪಾಣಿ ಕಡೆಯ ಕೊಲ್ಹಾಪುರಿ ಚಪ್ಪಲಿಯ ಚರ್ಮಕ್ಕೆ ಜಾಲಿ ತೊಗಟೆ, ಅಳಲೆಕಾಯಿ ಬಳಸುತ್ತಾರೆ. ಆ ಚಪ್ಪಲಿಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಿಕೆ) ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಕೂಡ ಸೇರಿದವು. ಈ ಕೆಲಸವನ್ನು ತಲೆಮಾರುಗಳಿಂದ ಮಾಡುತ್ತಾ ಬಂದವರು ನಿಮ್ಮೂರಿನಲ್ಲೇ ಇದ್ದಾರೆ. ಅವರ ಹತ್ತಿರ ಹೋಗಿ ಉಳಿ ಹಿಡಿಯುವ ರೀತಿ ಕೇಳಿ ಕಲಿಯಿರಿ, ಕಲಿಸಿದ್ದಕ್ಕೆ ದುಡ್ಡು ಕೊಡಿ. ಎಷ್ಟು ವಿಡಿಯೊ ನೋಡಿದರೂ ಅದು ಸಿಗುವುದಿಲ್ಲ.

ಚರ್ಮ ಯಾವ ಬಗೆಯದ್ದು ಅಂತ ಗುರುತಿಸಲು ಕತ್ತರಿಸಿದ ಅಂಚು ನೋಡಿ. ಒಳಗೆ ನೀಲಿ ಮಿಶ್ರಿತ ಬೂದು ಗೆರೆ ಕಂಡರೆ ಅದು ಬಹುಮಟ್ಟಿಗೆ ಕ್ರೋಮ್. ವೆಜ್ ಟ್ಯಾನ್ ಒಳಗೂ ಹೊರಗೂ ತಿಳಿ ಕಂದು ಬಣ್ಣದಲ್ಲೇ ಇರುತ್ತದೆ. ಆಮೇಲೆ ಒಂದು ಹನಿ ನೀರು ಹಾಕಿ. ಬೇಗ ಹೀರಿಕೊಂಡು ಆ ಜಾಗ ಕಪ್ಪಾದರೆ ಬಣ್ಣವೂ ಹಿಡಿಯುತ್ತದೆ. ನೀರು ಮಣಿಯ ಹಾಗೆ ಮೇಲೇ ನಿಂತರೆ ಕಾರ್ಖಾನೆಯಲ್ಲೇ ಏನೋ ಲೇಪ ಹಾಕಿದ್ದಾರೆ ಅಂತ ಅರ್ಥ, ನೀವು ಹಚ್ಚುವ ಬಣ್ಣ (ಡೈ) ಅಲ್ಲಿ ಇಳಿಯುವುದಿಲ್ಲ.

ಬೆಲ್ಟಿಗೆ 3ರಿಂದ 3.5 ಮಿಲಿಮೀಟರ್ ದಪ್ಪ ಸಾಕು. ಅಂಗಡಿಯಲ್ಲಿ ಚದರ ಅಡಿ ಲೆಕ್ಕದಲ್ಲಿ ಕೊಡುತ್ತಾರೆ. ಬೆನ್ನಿನ ಭಾಗವನ್ನೇ ಕೇಳಿ, ಬೆನ್ನುಮೂಳೆಗೆ ಸಮಾನಾಂತರವಾಗಿ ಪಟ್ಟಿ ತೆಗೆಯಿರಿ. ಹೊಟ್ಟೆಯ ಭಾಗ ಅಗ್ಗಕ್ಕೆ ಸಿಗಬಹುದು, ಆದರೆ ಅದು ಎಳೆದಷ್ಟೂ ಹಿಗ್ಗುತ್ತದೆ, ಬೆಲ್ಟಿಗೆ ಆಗುವುದಿಲ್ಲ. ಚರ್ಮದ ಮುಖ, ಅಂದರೆ ನುಣುಪಾದ ಮೇಲ್ಬದಿ, ಒಳಗೆ ಬರುವ ಹಾಗೆ ಮಡಚಿ ನೋಡಿ. ಸಣ್ಣ ಸುಕ್ಕು ಬಂದರೆ ಒಳ್ಳೆಯದು. ದಪ್ಪ ದಪ್ಪ ಸಡಿಲ ಮಡಿಕೆ ಬಿದ್ದರೆ ಬಿಟ್ಟುಬಿಡಿ.

ಸಾಮಾನು ಕಡಿಮೆ ಇರಲಿ, ಹರಿತ ಇರಲಿ

ಒಂದು ಒಳ್ಳೆ ಚಾಕು ಅಥವಾ ಚಮ್ಮಾರರ ಅಗಲ ಬಾಯಿಯ ಉಳಿ. ಒಂದು ಮೀಟರಿನ ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿ. ತೂತು ಹೊಡೆಯಲು 4 ಅಥವಾ 5 ಮಿಲಿಮೀಟರಿನ ಪಂಚ್. ಅಂಚಿನ ಮೂಲೆ ತೆಗೆಯುವ ಬೆವೆಲರ್. ಮರದ ಕೊಡತಿ ಅಥವಾ ನೈಲಾನ್ ತಲೆಯ ಸುತ್ತಿಗೆ. ಸಾಣೆಕಲ್ಲು. ಬೇರೆ ಬೇರೆ ನಂಬರಿನ ಸ್ಯಾಂಡ್ ಪೇಪರ್. ಒಂದಿಷ್ಟು ಹಳೆ ಬನಿಯನ್ ಬಟ್ಟೆ, ಒಂದು ತುಂಡು ಒರಟು ಕ್ಯಾನ್ವಾಸ್. ಬೆಲ್ಟಿಗೆ ಇಷ್ಟು ಸಾಕು.

ಕಬ್ಬಿಣದ ಸುತ್ತಿಗೆಯಿಂದ ಪಂಚ್ ಹೊಡೆಯಬೇಡಿ, ಅದರ ತಲೆ ಅರಳಿ ಹಾಳಾಗುತ್ತದೆ. ಹೊಡೆಯುವಾಗ ಅಡಿಯಲ್ಲಿ ಏನಿದೆ ಅನ್ನುವುದೂ ಮುಖ್ಯ. ಅಚ್ಚು ಒತ್ತುವುದಾದರೆ ಅಡಿಗೆ ಗಟ್ಟಿ ಕಲ್ಲು ಬೇಕು. ಜಿಗಣಿ ಕಡೆಯ ಗ್ರಾನೈಟ್ ಕಾರ್ಖಾನೆಗಳಲ್ಲೋ ನಿಮ್ಮೂರಿನ ಅಡುಗೆಮನೆ ಕಟ್ಟೆ ಮಾಡುವವರ ಹತ್ತಿರವೋ ಕತ್ತರಿಸಿ ಉಳಿದ ತುಂಡು ಕೇಳಿದರೆ ಸಿಗುತ್ತದೆ. ತೂತು ಹೊಡೆಯುವಾಗ ಮಾತ್ರ ಆ ಕಲ್ಲಿನ ಮೇಲೆ ಪ್ಲಾಸ್ಟಿಕ್ಕಿನ ತರಕಾರಿ ಹೆಚ್ಚುವ ಮಣೆ ಇಡಲೇಬೇಕು. ಪಂಚ್ ನೇರವಾಗಿ ಕಲ್ಲಿಗೆ ತಾಗಿದರೆ ಒಂದೇ ಏಟಿಗೆ ಬಾಯಿ ಹೋಯಿತು.

ಮಸೆಯುವುದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಚರ್ಮದ ಕೆಲಸದ ಅರ್ಧ ತೊಂದರೆ ಮೊಂಡು ಚಾಕುವಿನಿಂದಲೇ ಬರುತ್ತದೆ. ಮೊಂಡು ಚಾಕುವಿಗೆ ಜೋರು ಹಾಕಬೇಕು, ಜೋರು ಹಾಕಿದರೆ ಚರ್ಮ ಜಗ್ಗುತ್ತದೆ, ಗೆರೆ ಓಡುತ್ತದೆ, ಕೈಗೂ ಏಟು. 1000 ಗ್ರಿಟ್ ಕಲ್ಲಿನಲ್ಲಿ ಬಾಯಿ ತೆಗೆದು 3000 ಅಥವಾ 6000ದಲ್ಲಿ ನುಣುಪು ಮಾಡಿ. ಕಲ್ಲು ಇಲ್ಲದಿದ್ದರೆ ದಪ್ಪ ಗಾಜಿನ ಮೇಲೆ 400, 1000, 2000 ನಂಬರಿನ ವಾಟರ್ ಪೇಪರ್ ಹಾಸಿ ಮಸೆಯಬಹುದು, ಚೆನ್ನಾಗಿಯೇ ಆಗುತ್ತದೆ. ಕೊನೆಗೆ ಒಂದು ಮರದ ಪಟ್ಟಿಗೆ ಚರ್ಮದ ತುಂಡು ಅಂಟಿಸಿ, ಅದಕ್ಕೆ ಹಸಿರು ಪಾಲಿಶ್ ಕಡ್ಡಿ ತಿಕ್ಕಿ, ಚಾಕುವನ್ನು ಅದರ ಮೇಲೆ ಹಿಮ್ಮುಖವಾಗಿ ಎಳೆಯಿರಿ. ಆ ಹಸಿರು ಕ್ರೋಮಿಯಂ ಆಕ್ಸೈಡಿನದ್ದು. ಕೆಲಸದ ನಡುವೆ ಆಗಾಗ ಹೀಗೆ ಎಳೆಯುತ್ತಿದ್ದರೆ ಕಲ್ಲಿಗೆ ಹೋಗುವುದು ಅಪರೂಪವಾಗುತ್ತದೆ. ಬೆವೆಲರ್ ಬಾಯಿಯನ್ನೂ ಮಸೆಯಬೇಕು. ಅದರ ಸಣ್ಣ ತೋಡಿಗೆ ಹಸಿರು ಪಾಲಿಶ್ ಹಚ್ಚಿದ ದಪ್ಪ ದಾರ ಸಾಕಾಗುತ್ತದೆ.

ಅಳತೆ, ಕತ್ತರಿಸುವುದು, ತೂತು

ಪ್ಯಾಂಟಿನ ಸೈಜ್ ನಂಬಬೇಡಿ. ಈಗ ಹಾಕುತ್ತಿರುವ ಬೆಲ್ಟನ್ನೇ ಅಳೆಯಿರಿ. ಬಕಲ್ ಸರಳಿಗೆ ಚರ್ಮ ಸುತ್ತಿಕೊಳ್ಳುವ ಜಾಗದಿಂದ ನೀವು ಬಳಸುವ ತೂತಿನವರೆಗೆ. ಅದು 90 ಸೆಂಟಿಮೀಟರ್ ಇದ್ದರೆ ಬಕಲ್ ಕಡೆ ಮಡಚಲು 8, ತೂತಿನಾಚೆ ಬಾಲಕ್ಕೆ 18 ಸೇರಿಸಿ. ಒಟ್ಟು 116 ಆಯಿತು. ಜೀನ್ಸಿಗೆ ಅಗಲ 38 ಮಿಲಿಮೀಟರ್ ಚೆಂದ, ಫಾರ್ಮಲ್ ಪ್ಯಾಂಟಿಗೆ 30ರಿಂದ 32.

ಸ್ಟೀಲ್ ಪಟ್ಟಿ ಗಟ್ಟಿಯಾಗಿ ಹಿಡಿದು ಎರಡು ಮೂರು ಸಲ ಎಳೆದು ಕತ್ತರಿಸಿ. ಒಂದೇ ಏಟಿಗೆ ಪೂರ್ತಿ ದಪ್ಪ ಕತ್ತರಿಸಲು ಹೋಗಬೇಡಿ. ಮಡಚುವ 8 ಸೆಂಟಿಮೀಟರನ್ನು ಹಿಂಬದಿಯಿಂದ ಕೆತ್ತಿ ಸುಮಾರು ಅರ್ಧ ದಪ್ಪಕ್ಕೆ ತನ್ನಿ, ಇಲ್ಲವಾದರೆ ಬಕಲ್ ಹತ್ತಿರ ಗಂಟು ಕಟ್ಟಿದ ಹಾಗೆ ಉಬ್ಬುತ್ತದೆ. ಐದು ತೂತು ಸಾಕು, ತೂತಿನಿಂದ ತೂತಿಗೆ 25 ಮಿಲಿಮೀಟರ್, ನಡುವಿನದು ನಿಮ್ಮ ಅಳತೆಗೆ. ಬಕಲ್ ನಾಲಿಗೆಗೆ ಉದ್ದ ತೂತು ಬೇಕಲ್ವಾ, ಅದಕ್ಕೆ ಎರಡು ತುದಿಯಲ್ಲಿ ಪಂಚ್ ಹೊಡೆದು ನಡುವಿನ ಚರ್ಮ ಚಾಕುವಿನಲ್ಲಿ ತೆಗೆಯಿರಿ.

ತೂತು, ಬೆವೆಲಿಂಗ್, ಅಂಚಿಗೆ ಸ್ಯಾಂಡ್ ಪೇಪರ್, ಇವು ಮೂರೂ ಬಣ್ಣಕ್ಕಿಂತ ಮೊದಲು ಮುಗಿಯಬೇಕು. ಬಣ್ಣ ಹಚ್ಚಿದ ಮೇಲೆ ತೂತು ಹೊಡೆದರೆ ತೂತಿನೊಳಗೆ ಬಣ್ಣ ಹಿಡಿಯದ ಚರ್ಮದ ತಿಳಿ ವೃತ್ತ ಕಾಣುತ್ತದೆ. ಆದರೆ ಅಂಚನ್ನು ಹೊಳಪು ಮಾಡುವ ಅಂಟು ಈಗಲೇ ಹಚ್ಚಬೇಡಿ. ಟ್ರಾಗಕಾಂತ್ ಗೋಂದಿರಲಿ, ಟೊಕೊನೋಲೆ ಇರಲಿ, ಅದು ಒಂದು ಚೂರು ಮುಖದ ಮೇಲೆ ಹರಿದರೂ ಆ ಜಾಗಕ್ಕೆ ಡೈ ಹಿಡಿಯುವುದಿಲ್ಲ. ಫೆವಿಕಾಲ್ ತರದ ಅಂಟಿನ ಕಲೆಯೂ ಅಷ್ಟೇ.

ಬಣ್ಣ

ಡೈ ಅಂದರೆ ಚರ್ಮದೊಳಗೆ ಇಳಿಯುವುದು, ಪೇಂಟ್ ಅಂದರೆ ಮೇಲೆ ಕೂರುವುದು. ಬೆಲ್ಟ್ ದಿನವೂ ಬಾಗುತ್ತದೆ, ಹಾಗಾಗಿ ಡೈ ಬೇಕು. ಸ್ಪಿರಿಟ್ ಡೈ ಆಳಕ್ಕೆ ಇಳಿಯುತ್ತದೆ, ಬೇಗ ಒಣಗುತ್ತದೆ, ಆದರೆ ಚರ್ಮವನ್ನು ಒಣಕಲು ಮಾಡುತ್ತದೆ. ನೀರಿನ ಡೈ ವಾಸನೆ ಕಡಿಮೆ, ಮಕ್ಕಳಿರುವ ಮನೆಯಲ್ಲಿ ವಾಸಿ, ಆದರೆ ಸಮನಾಗಿ ಹಚ್ಚಲು ತಾಳ್ಮೆ ಬೇಕು. ಮೊದಲ ಬೆಲ್ಟಿಗೆ ನಾನು ಹೇಳುವುದು ಕಂದು ಬಣ್ಣದ ಸ್ಪಿರಿಟ್ ಡೈ. ತಪ್ಪಾದರೆ ಇನ್ನೂ ಗಾಢ ಕಂದು ಹಚ್ಚಿ ಮುಚ್ಚಬಹುದು.

ಡೈಯನ್ನು ಬಾಟಲಿಯಿಂದ ಹಾಗೇ ಹಚ್ಚಬೇಡಿ. ಅದರದೇ ಥಿನ್ನರ್ ಅಥವಾ ಐಸೊಪ್ರೊಪೈಲ್ ಆಲ್ಕೋಹಾಲ್ ಸಮಸಮ ಸೇರಿಸಿ ತೆಳು ಮಾಡಿ. ಬೆಂಗಳೂರಿನವರಿಗೆ ಈ ಆಲ್ಕೋಹಾಲ್ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುತ್ತದೆ, ಸರ್ಕ್ಯೂಟ್ ಬೋರ್ಡ್ ಒರೆಸಲು ಮಾರುತ್ತಾರೆ. ಗ್ಲೌಸ್ ಹಾಕಿಕೊಳ್ಳಿ, ಕಿಟಕಿ ತೆರೆಯಿರಿ, ಹತ್ತಿರದಲ್ಲಿ ದೀಪ, ಊದುಬತ್ತಿ, ಗ್ಯಾಸ್ ಒಲೆ ಯಾವುದೂ ಇರಬಾರದು. ಇದು ಬೆಂಕಿ ಹಿಡಿಯುವ ವಸ್ತು.

ಪಟ್ಟಿಯನ್ನು ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿ, ಬೆರಳಿನ ಜಿಡ್ಡು ಹೋಗಲಿ. ಬನಿಯನ್ ಬಟ್ಟೆಯ ಉಂಡೆಗೆ ಡೈ ಹೀರಿಸಿ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಲ್ಲಿಸದೆ ಎಳೆಯಿರಿ. ನಡುವೆ ಫೋನ್ ಬಂತು ಅಂತ ನಿಲ್ಲಿಸಿದರೆ ಅಲ್ಲೊಂದು ಅಡ್ಡ ಪಟ್ಟೆ ಉಳಿಯುತ್ತದೆ, ಅದು ಹೋಗುವುದು ಕಷ್ಟ. ಒಂದು ಕೈ ಒಣಗಿದ ಮೇಲೆ ಇನ್ನೊಂದು. ತೆಳು ಡೈ ಎರಡು ಮೂರು ಕೈ ಹಚ್ಚಿದರೆ ಬರುವ ಸಮತೆ ಗಟ್ಟಿ ಡೈ ಒಂದೇ ಕೈಗೆ ಬರುವುದಿಲ್ಲ. ಅಂಚು, ತೂತಿನ ಒಳಗೋಡೆ ಮರೆಯಬೇಡಿ, ಅಲ್ಲಿಗೆ ಕಿವಿ ಒರೆಸುವ ಹತ್ತಿಕಡ್ಡಿ ಸರಿಹೋಗುತ್ತದೆ.

ಹಸಿಯಿದ್ದಾಗ ಬಣ್ಣ ಗಾಢವಾಗಿ ಕಾಣುತ್ತದೆ, ಒಣಗಿದರೆ ಮಂಕಾಗುತ್ತದೆ, ಎಣ್ಣೆ ಬಿದ್ದ ಮೇಲೆ ಮತ್ತೆ ಗಾಢವಾಗುತ್ತದೆ. ಅದಕ್ಕೇ ಅದೇ ಚರ್ಮದ ಉಳಿಕೆ ತುಂಡೊಂದನ್ನು ಡೈ, ಎಣ್ಣೆ, ಮೆರುಗು ಎಲ್ಲ ಹಂತ ದಾಟಿಸಿ ಮೊದಲು ನೋಡಿಬಿಡಿ. ಬರೀ ಡೈ ಹಚ್ಚಿ ನೋಡಿದ ತುಂಡು ನಿಮಗೆ ಏನೂ ಹೇಳುವುದಿಲ್ಲ.

ಕಬ್ಬಿಣ: ಶತ್ರುವೂ ಹೌದು, ಕಪ್ಪು ಬಣ್ಣವೂ ಹೌದು

ವೆಜ್ ಟ್ಯಾನ್ ಚರ್ಮದ ತುಂಬ ಟ್ಯಾನಿನ್ ಇರುತ್ತದೆ. ತೊಗಟೆ, ಅಳಲೆಕಾಯಿಯ ಒಗರು ಇದೆಯಲ್ಲ, ಅದೇ. ಟ್ಯಾನಿನ್‌ಗೆ ಕಬ್ಬಿಣ ತಾಗಿದರೆ ಕಪ್ಪಾಗುತ್ತದೆ. ಒದ್ದೆ ಚರ್ಮದ ಮೇಲೆ ಕಬ್ಬಿಣದ ಸ್ಕೇಲ್ ಇಟ್ಟರೆ ನೀಲಿಗಪ್ಪು ಗೆರೆ, ಚಾಕು ಮಸೆದ ಕೈಯಲ್ಲೇ ಮುಟ್ಟಿದರೆ ಬೆರಳಚ್ಚು, ಕಬ್ಬಿಣದ ಅಂಶ ಇರುವ ಬೋರ್‌ವೆಲ್ ನೀರಿನಲ್ಲಿ ಒದ್ದೆ ಮಾಡಿದರೆ ಬೂದು ಚುಕ್ಕೆ. ತುಕ್ಕು ಹಿಡಿಯುವ ಅಗ್ಗದ ಬಕಲ್ ಕೂಡ ಇದೇ ಕೆಲಸ ಮಾಡುತ್ತದೆ. ಆದ್ದರಿಂದ ಮಸೆಯುವ ಮೇಜು ಬೇರೆ, ಚರ್ಮದ ಮೇಜು ಬೇರೆ ಇರಲಿ. ನೀರು ಫಿಲ್ಟರಿನದ್ದು ಬಳಸಿ. ಒದ್ದೆ ಚರ್ಮವನ್ನು ನ್ಯೂಸ್ ಪೇಪರಿನ ಮೇಲೆ ಇಡಬೇಡಿ, ಅಲ್ಲಿ ಶಾಯಿಯೂ ಅಂಟುತ್ತದೆ.

ಕಲೆ ಆಗಿಬಿಟ್ಟಿದ್ದರೆ, ಇನ್ನೂ ಬಣ್ಣ ಹಚ್ಚಿಲ್ಲವಾದರೆ, ನಿಂಬೆರಸಕ್ಕೆ ಅಷ್ಟೇ ನೀರು ಬೆರೆಸಿ ಬಟ್ಟೆಯಲ್ಲಿ ಒರೆಸಿ. ಸಣ್ಣ ಕಲೆ ಹೋಗುತ್ತದೆ. ಆಮೇಲೆ ಬರಿ ನೀರಿನಲ್ಲಿ ಒರೆಸಿ ನೆರಳಲ್ಲಿ ಒಣಗಿಸಿ. ಆಕ್ಸಾಲಿಕ್ ಆಮ್ಲ ಇನ್ನೂ ಚೆನ್ನಾಗಿ ಕಲೆ ತೆಗೆಯುತ್ತದೆ, ಆದರೆ ಅದು ವಿಷ. ಮಕ್ಕಳಿರುವ ಮನೆಗೆ ತರುವುದೇ ಬೇಡ ಅನ್ನುತ್ತೇನೆ.

ಈಗ ಇದೇ ಗುಣವನ್ನು ಬೇಕಂತಲೇ ಬಳಸಿದರೆ ಸಿಗುವ ಕಪ್ಪು ಇದೆಯಲ್ಲ, ಅದರಷ್ಟು ಒಳ್ಳೆ ಕಪ್ಪು ಬಾಟಲಿಯಲ್ಲಿ ಸಿಗುವುದಿಲ್ಲ. ಕಪ್ಪು ಡೈ ಅಂಗಿಗೆ ಅಂಟುವುದು ಎಲ್ಲರ ದೂರು. ಈ ಕಪ್ಪು ಚರ್ಮದ ಒಳಗೇ ಹುಟ್ಟುವುದರಿಂದ ಸುಲಭಕ್ಕೆ ಬಿಡುವುದಿಲ್ಲ. ಆಂಧ್ರದ ಕಲಂಕಾರಿಯಲ್ಲಿ ತುಕ್ಕು ಕಬ್ಬಿಣ, ಬೆಲ್ಲ, ನೀರು ಹುಳಿಸಿ ಮಾಡುವ ಕಪ್ಪಿನ ಹಿಂದೆಯೂ ಇದೇ ಸಂಗತಿ ಇದೆ. ಅಲ್ಲಿ ಬಟ್ಟೆಗೆ ಮೊದಲು ಅಳಲೆಕಾಯಿ ಹಚ್ಚಿರುತ್ತಾರೆ, ಇಲ್ಲಿ ಚರ್ಮದಲ್ಲೇ ಟ್ಯಾನಿನ್ ಇದೆ.

ಮಾಡುವುದು ಹೀಗೆ. ನುಣುಪಾದ ಸ್ಟೀಲ್ ವುಲ್, ಅಂದರೆ ಉಕ್ಕಿನ ತೆಳು ಎಳೆಗಳ ಉಂಡೆ ತನ್ನಿ, ಸ್ಟೇನ್‌ಲೆಸ್ ಅಲ್ಲ, ತುಕ್ಕು ಹಿಡಿಯುವಂಥದ್ದು. ಪಾತ್ರೆ ತೊಳೆಯುವ ಸೋಪಿನಲ್ಲಿ ಅದರ ಎಣ್ಣೆ ಹೋಗುವ ಹಾಗೆ ತೊಳೆದು ಗಾಜಿನ ಬಾಟಲಿಗೆ ಹಾಕಿ, ಬಿಳಿ ವಿನಿಗರ್ ತುಂಬಿ. ಮುಚ್ಚಳ ಬಿಗಿ ಮಾಡಬೇಡಿ. ಒಳಗೆ ಹೈಡ್ರೋಜನ್ ಗಾಳಿ ಹುಟ್ಟುತ್ತದೆ, ಬಿಗಿ ಮಾಡಿದರೆ ಬಾಟಲಿ ಸಿಡಿಯಬಹುದು. ಬೆಂಕಿಯಿಂದ ದೂರ, ಗಾಳಿಯಾಡುವ ಕಡೆ ಒಂದೆರಡು ವಾರ ಬಿಡಿ. ಆಮೇಲೆ ದಪ್ಪ ಬಟ್ಟೆಯಲ್ಲಿ ಸೋಸಿಕೊಳ್ಳಿ.

ಡೈ ಹಚ್ಚದ ಪಟ್ಟಿಗೆ ಮೊದಲು ಗಟ್ಟಿ ಟೀ ಡಿಕಾಕ್ಷನ್ ಆರಿಸಿ ಒಂದು ಕೈ ಹಚ್ಚಿ. ಗ್ರಂಧಿಗೆ ಅಂಗಡಿಯಲ್ಲಿ ಅಳಲೆಕಾಯಿ ಪುಡಿ ಸಿಕ್ಕರೆ ಅದರ ಕಷಾಯ ಇನ್ನೂ ಒಳ್ಳೆಯದು. ಟ್ಯಾನಿನ್ ಜಾಸ್ತಿ ಇದ್ದಷ್ಟೂ ಕಪ್ಪು ಗಾಢ. ಅದು ಮುಕ್ಕಾಲು ಒಣಗಿದಾಗ ಕಬ್ಬಿಣದ ನೀರು ಹಚ್ಚಿ. ಕಣ್ಣೆದುರೇ ಬೂದು ಬಣ್ಣವಾಗಿ, ನೀಲಿಯಾಗಿ, ಕಪ್ಪಾಗುತ್ತಾ ಹೋಗುತ್ತದೆ. ಅರ್ಧ ಗಂಟೆ ಬಿಟ್ಟು ಒಂದು ಲೀಟರ್ ನೀರಿಗೆ ಎರಡು ಚಮಚ ಅಡುಗೆ ಸೋಡ ಕರಗಿಸಿ ಅದರಲ್ಲಿ ಒರೆಸಿ, ಆಮ್ಲ ಉಳಿದರೆ ಚರ್ಮ ನಿಧಾನವಾಗಿ ಸೊರಗುತ್ತದೆ. ಆಮೇಲೆ ಬರಿ ನೀರು. ಇನ್ನೂ ಸ್ವಲ್ಪ ತೇವ ಇರುವಾಗಲೇ ಎಣ್ಣೆಯ ತೆಳು ಕೈ ಕೊಡಿ. ವಿನಿಗರ್ ವಾಸನೆ ಕೆಲವು ದಿನ ಇರುತ್ತದೆ, ಹೋಗುತ್ತದೆ.

ಇನ್ನೊಂದು ಉಪಯೋಗ. ಈ ನೀರಿನ ಒಂದು ಹನಿ ಯಾವ ಚರ್ಮದ ಮೇಲೆ ಹಾಕಿದರೂ ಅದು ವೆಜ್ ಟ್ಯಾನಾ ಅಲ್ವಾ ಅಂತ ಗೊತ್ತಾಗುತ್ತದೆ. ಕಪ್ಪಾದರೆ ಬಹುಮಟ್ಟಿಗೆ ವೆಜ್ ಟ್ಯಾನ್. ಅಂಗಡಿಗೆ ಹೋಗುವಾಗ ಸಣ್ಣ ಬಾಟಲಿಯಲ್ಲಿ ಒಯ್ಯಿರಿ, ಅವರನ್ನು ಕೇಳಿಯೇ ಮೂಲೆಯ ತುಂಡಿನ ಮೇಲೆ ಹಾಕಿ ನೋಡಿ.

ಒಣಗಿಸಿ, ಉಜ್ಜಿ, ಎಣ್ಣೆ, ಆಮೇಲೆ ಮೆರುಗು

ಡೈ ಹಚ್ಚಿದ ಪಟ್ಟಿ ಕನಿಷ್ಠ ಒಂದು ದಿನ ಒಣಗಲಿ. ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು, ಕರಾವಳಿಯವರಿಗೆ, ಎರಡು ದಿನ. ಬಿಸಿಲಿಗೆ ಇಡಬೇಡಿ, ಫ್ಯಾನ್ ಕೆಳಗೆ ಸಾಕು. ಒಣಗಿದ ಮೇಲೆ ಬಿಳಿ ಬಟ್ಟೆಯಲ್ಲಿ ಉಜ್ಜಿ. ಬಟ್ಟೆಗೆ ಬಣ್ಣ ಬರುತ್ತದೆ, ಅದು ಒಳಗೆ ಇಳಿಯದೆ ಮೇಲೇ ಉಳಿದ ಪುಡಿ. ಬಟ್ಟೆ ಬದಲಿಸಿ ಮತ್ತೆ ಉಜ್ಜಿ. ಬಟ್ಟೆ ಬಿಳಿಯಾಗಿಯೇ ಉಳಿಯುವವರೆಗೆ ಉಜ್ಜುತ್ತಲೇ ಇರಬೇಕು, ಕೈ ನೋಯುತ್ತದೆ, ಆದರೂ ಬಿಡಬೇಡಿ. ಬೆಲ್ಟ್ ಅಂಗಿಗೆ ಬಣ್ಣ ಹತ್ತಿಸುವುದು ಬಹುತೇಕ ಈ ಹಂತವನ್ನು ಅವಸರದಲ್ಲಿ ಮುಗಿಸಿದ್ದರಿಂದಲೇ. ಮೇಲೆ ಮೆರುಗು ಹಾಕಿ ಮುಚ್ಚಿಬಿಡುತ್ತೇನೆ ಅಂದರೆ ಆಗುವುದಿಲ್ಲ.

ಆಮೇಲೆ ಎಣ್ಣೆ. ಚರ್ಮದ ಕೆಲಸದವರು ಹೆಚ್ಚಾಗಿ ಬಳಸುವುದು ನೀಟ್ಸ್‌ಫುಟ್ ಎಣ್ಣೆ. ಅದು ದನದ ಕಾಲಿನ ಎಲುಬಿನಿಂದ ತೆಗೆದದ್ದು, ಬೇಡ ಅನ್ನುವವರು ಹರಳೆಣ್ಣೆ ಬಳಸಬಹುದು, ಸ್ವಲ್ಪ ಜಿಗುಟು ಅಷ್ಟೇ. ಕೊಬ್ಬರಿ ಎಣ್ಣೆ ಚಳಿಯಲ್ಲಿ ಹೆಪ್ಪುಗಟ್ಟಿ ಮೇಲೆ ಬಿಳಿ ಬಿಡಬಹುದು, ಅದಕ್ಕೇ ನಾನು ಹೇಳುವುದಿಲ್ಲ. ಯಾವುದಾದರೂ ಸರಿ, ಬಟ್ಟೆಗೆ ನಾಲ್ಕು ಹನಿ ಹಾಕಿ ತೆಳುವಾಗಿ ಸವರಿ, ಒಂದು ದಿನ ಬಿಡಿ. ಇಡೀ ಪಟ್ಟಿ ಸಮನಾಗುವುದಕ್ಕೆ ಅಷ್ಟು ಹೊತ್ತು ಬೇಕು. ಎಣ್ಣೆ ಜಾಸ್ತಿಯಾದರೆ ಬೆಲ್ಟ್ ಜೋತು ಬೀಳುತ್ತದೆ, ತೆಗೆಯುವ ದಾರಿ ಇಲ್ಲ.

ಈಗ ಅಂಚು. 400, 600, 800 ನಂಬರಿನ ಪೇಪರಿನಲ್ಲಿ ಹಗುರವಾಗಿ ತೀಡಿ, ಪೇಪರ್ ಬಣ್ಣ ತೆಗೆದ ಕಡೆ ಡೈ ಮುಟ್ಟಿಸಿ ಒಣಗಿಸಿ, ಸ್ವಲ್ಪ ಗೋಂದು ಹಚ್ಚಿ ಕ್ಯಾನ್ವಾಸಿನಲ್ಲಿ ಜೋರಾಗಿ ತಿಕ್ಕಿ. ಬಿಸಿಯಾಗುವ ಹಾಗೆ ತಿಕ್ಕಬೇಕು. ನಾರುಗಳು ಒಂದಕ್ಕೊಂದು ಕೂಡಿಕೊಂಡು ಗಾಜಿನಂತೆ ಹೊಳೆಯಲು ಶುರುವಾಗುತ್ತದೆ. ಕೊನೆಗೆ ಜೇನುಮೇಣ ತಿಕ್ಕಿ ಮತ್ತೆ ಬಟ್ಟೆ. ಅಂಗಡಿ ಬೆಲ್ಟಿಗೂ ಕೈಯಲ್ಲಿ ಮಾಡಿದ ಬೆಲ್ಟಿಗೂ ಇರುವ ವ್ಯತ್ಯಾಸ ಕಾಣುವುದೇ ಅಂಚಿನಲ್ಲಿ, ಇಲ್ಲಿ ಸಮಯ ಕೊಡಿ.

ಮುಖಕ್ಕೆ ಮೆರುಗು ಎರಡು ತರ. ಜೇನುಮೇಣ, ಎಣ್ಣೆ ಸೇರಿಸಿದ ಮುಲಾಮು ಹಚ್ಚಿ ಉಜ್ಜಿದರೆ ಮಂದ ಹೊಳಪು, ಕೈಗೆ ಚರ್ಮವೇ ಸಿಗುತ್ತದೆ. ವರ್ಷಕ್ಕೊಮ್ಮೆ ಮತ್ತೆ ಹಚ್ಚಬೇಕು. ರೆಸೊಲೀನ್ ತರದ ಅಕ್ರಿಲಿಕ್ ಲೇಪ ನೀರು, ಬೆವರು ಎರಡನ್ನೂ ಚೆನ್ನಾಗಿ ತಡೆಯುತ್ತದೆ. ಅದಕ್ಕೆ ಸಮಸಮ ನೀರು ಬೆರೆಸಿ ಸ್ಪಂಜಿನಲ್ಲಿ ತೆಳುವಾಗಿ ಎರಡು ಕೈ. ಗಟ್ಟಿಯಾಗಿ ಹಚ್ಚಿದರೆ ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ, ಬಾಗಿದ ಕಡೆ ಬಿರಿಯುತ್ತದೆ. ತಿಕ್ಕಬೇಡಿ, ಸವರಿ ಬಿಡಿ. ಅಕ್ರಿಲಿಕ್ ಬಿದ್ದ ಮೇಲೆ ಎಣ್ಣೆ ಸರಿಯಾಗಿ ಇಳಿಯುವುದಿಲ್ಲ, ಎಣ್ಣೆ ಮೊದಲು ಅನ್ನುವುದು ಇದಕ್ಕೇ. ಕಪ್ಪು, ನೀಲಿ ಡೈಗೆ ಅಕ್ರಿಲಿಕ್, ಕಂದಿಗೆ ಮೇಣ. ಇದು ನನ್ನ ಅಭಿಪ್ರಾಯ.

ಬಕಲ್ ಕೊನೆಗೆ. ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಆರಿಸಿ. ಎಣ್ಣೆ ಹಚ್ಚಿದ ಚರ್ಮದ ಜೊತೆ ಹಿತ್ತಾಳೆ ಹಸಿರು ಕಿಲುಬು ಬಿಡಬಹುದು, ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ರಿವಿಟ್ ಹೊಡೆಯುವುದಕ್ಕಿಂತ ಬಿಚ್ಚಬಹುದಾದ ಚಿಕಾಗೊ ಸ್ಕ್ರೂ ಹಾಕಿ, ಸ್ಕ್ರೂವಿನ ಸುರುಳಿ ಗೀರಿಗೆ (ಥ್ರೆಡ್) ಒಂದು ಹನಿ ನೈಲ್ ಪಾಲಿಶ್ ಬಿಟ್ಟು ತಿರುಗಿಸಿ, ಸಡಿಲವಾಗುವುದಿಲ್ಲ.

ಮಳೆಗಾಲದಲ್ಲಿ ಬೆಲ್ಟಿನ ಮೇಲೆ ಬಿಳಿ ಕಂಡರೆ ತಕ್ಷಣ ಬೂಷ್ಟು ಅಂದುಕೊಳ್ಳಬೇಡಿ. ಹೇರ್ ಡ್ರೈಯರಿನ ಬೆಚ್ಚಗಿನ ಗಾಳಿ ಹಿಡಿಯಿರಿ. ಕರಗಿ ಮಾಯವಾದರೆ ಅದು ಒಳಗಿಂದ ಬಂದ ಜಿಡ್ಡು, ಚಿಂತೆಯಿಲ್ಲ, ಬಟ್ಟೆಯಲ್ಲಿ ಉಜ್ಜಿ. ಹೋಗದಿದ್ದರೆ ಬೂಷ್ಟು. ಮನೆಯ ಹೊರಗೆ ತಂದು ಒಣ ಬಟ್ಟೆಯಲ್ಲಿ ಒರೆಸಿ, ಆಲ್ಕೋಹಾಲಿಗೆ ಅಷ್ಟೇ ನೀರು ಬೆರೆಸಿ ಮೊದಲು ಹಿಂಬದಿಯಲ್ಲಿ ಪರೀಕ್ಷೆ ಮಾಡಿ, ಬಣ್ಣ ಬಿಡದಿದ್ದರೆ ಪೂರ್ತಿ ಒರೆಸಿ ನೆರಳಲ್ಲಿ ಒಣಗಿಸಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬೇಡಿ. ಬಕಲ್ ಹಿಡಿದು ಮೊಳೆಗೆ ನೇತು ಹಾಕಿದರೆ ಎರಡು ಕಡೆಗೂ ಗಾಳಿ ಆಡುತ್ತದೆ.